ಸಹಾಯ ಬೇಕು: ಡಿಕ್ಕಿಯ ಸಬ್‌ವೂಫರ್ ಪೆಟ್ಟಿಗೆಯಲ್ಲಿ ಪೋರ್ಟ್ ಎಲ್ಲಿ ಕೂರಿಸಲಿ?

ಕಾರಿನ ಡಿಕ್ಕಿಗೆಂದು 12 ಇಂಚಿನ ಒಂದು ಸಬ್‌ವೂಫರ್‌ಗೆ (ಬೇಸ್ ಧ್ವನಿಯ ಸ್ಪೀಕರ್) ನಾನೇ ಪೆಟ್ಟಿಗೆ ಮಾಡುತ್ತಿದ್ದೇನೆ. 18 ಮಿ.ಮೀ. ದಪ್ಪದ ಎಂಡಿಎಫ್ ಹಲಗೆ. ಹೊರ ಅಳತೆ 600 × 400 × 350 ಮಿ.ಮೀ. ಹಲಗೆಯ ದಪ್ಪ ಕಳೆದರೆ ಒಳಗೆ ಸುಮಾರು 64 ಲೀಟರ್. ಸ್ಪೀಕರ್, ಪೋರ್ಟ್ ಕೊಳವೆ (ಪೆಟ್ಟಿಗೆಯ ಗಾಳಿ ಒಳಹೊರಗೆ ಆಡುವ ಕೊಳವೆ), ಆಧಾರಪಟ್ಟಿ ಆಕ್ರಮಿಸುವ ಜಾಗ ಬಿಟ್ಟರೆ 58 ಲೀಟರ್ ಉಳಿಯುತ್ತದೆ. (ಮೊದಲ ಸಲ ಹೊರ ಅಳತೆಯಲ್ಲೇ ಲೆಕ್ಕ ಹಾಕಿ ಒಂದು ಹಲಗೆ ಹಾಳು ಮಾಡಿದೆ, ಆ ಕಥೆ ಬೇಡ.)

ಪೆಟ್ಟಿಗೆಯನ್ನು 35 ಹರ್ಟ್ಸ್‌ಗೆ ಟ್ಯೂನ್ ಮಾಡಬೇಕೆಂದಿದ್ದೇನೆ, ಅಂದರೆ ಪೋರ್ಟ್ ಆ ಬೇಸ್ ಸ್ವರಕ್ಕೆ ಹೆಚ್ಚು ಬಲ ಕೊಡುವಂತೆ. 7.5 ಸೆಂ.ಮೀ. ವ್ಯಾಸದ ಕೊಳವೆ 13 ಸೆಂ.ಮೀ. ಉದ್ದ ಸಾಕು ಎಂದು ಬಂತು, ಹಾಕಿಯೂ ನೋಡಿದೆ. ಧ್ವನಿ ಏರಿಸಿದರೆ ಬೇಸ್‌ಗಿಂತ ಗಾಳಿಯ ಬುಸುಗುಟ್ಟುವಿಕೆಯೇ ಜೋರು! ಸೋರಿಕೆ ಇರಬಹುದೆಂದು ಸಂದುಗಳಿಗೆಲ್ಲ ಮತ್ತೆ ಸಿಲಿಕೋನ್ ಹಚ್ಚಿದೆ, ಬದಲಾಗಲಿಲ್ಲ.

ಈ ಸದ್ದು ತಗ್ಗಲೆಂದು 10 ಸೆಂ.ಮೀ. ವ್ಯಾಸಕ್ಕೆ ಹೋದರೆ, ಅದೇ 35 ಹರ್ಟ್ಸ್‌ಗೆ ಸುಮಾರು 26 ಸೆಂ.ಮೀ. ಉದ್ದ ಬೇಕು. ತೊಡಕು ಇಲ್ಲೇ. ಮುಂದಿನ ಹಲಗೆಯಲ್ಲಿ ಕೂರಿಸಿದರೆ ಕೊಳವೆಯ ಒಳತುದಿಗೂ ಹಿಂದಿನ ಹಲಗೆಗೂ ನಡುವೆ 7 ಸೆಂ.ಮೀ. ಮಾತ್ರ ಉಳಿಯುತ್ತದೆ. ಕನಿಷ್ಠ ಕೊಳವೆಯ ವ್ಯಾಸದಷ್ಟಾದರೂ ಅಂತರವಿರಬೇಕು ಎಂದು ಓದಿದ್ದೇನೆ. ಪಕ್ಕದ ಹಲಗೆಯಲ್ಲಿ ಧಾರಾಳ ಜಾಗವಿದೆ, ಆದರೆ ಆಗ ಪೋರ್ಟ್‌ನ ಬಾಯಿ ಡಿಕ್ಕಿಯ ಗೋಡೆಗೆ ಹತ್ತಿರವಾಗುತ್ತದೆ. ಪೋರ್ಟ್ ಇಲ್ಲದ, ಸೀಲ್ ಮಾಡಿದ ಪೆಟ್ಟಿಗೆಯ ಸಲಹೆ ದಯವಿಟ್ಟು ಬೇಡ.

ಮಾಡಿ ನೋಡಿದವರು ತಿಳಿಸಿ: ಮುಂದಿನಿಂದಲೇ ಕೊಟ್ಟು ಒಳಗೆ ಎಲ್ಬೋ (ಬಾಗಿದ ಕೊಳವೆ ತುಂಡು) ಹಾಕಿ ತಿರುಗಿಸಲೇ, ಅಥವಾ ಪಕ್ಕದಲ್ಲಿ ಕೊಡಲೇ? ಎಲ್ಬೋ ಆದರೆ 26 ಸೆಂ.ಮೀ.ಯನ್ನು ತಿರುವಿನ ನಡುಗೆರೆಯ ಉದ್ದಕ್ಕೆ ಅಳೆಯಬೇಕೇ? ಪಕ್ಕದಲ್ಲಾದರೆ ಪೋರ್ಟ್‌ನ ಬಾಯಿಯಿಂದ ಡಿಕ್ಕಿಯ ಗೋಡೆಗೆ ಎಷ್ಟು ಅಂತರ ಬಿಡಬೇಕು?