ಪ್ರಶ್ನೋತ್ತರ: ಇಂಟರ್ನೆಟ್ ಬರ್ತದೆ, ಪಕ್ಕದ ಕಂಪ್ಯೂಟರ್ ಕಾಣುದಿಲ್ಲ

ಅಡ್ಮಿನ್: ಮಂಗಳೂರು-ಉಡುಪಿಯ ಅಂಗಡಿ, ಆಫೀಸುಗಳಿಗೆ ನೆಟ್‌ವರ್ಕ್ ಮಾಡಿಕೊಡುವ ನಮ್ಮ ಟೆಕ್ನೀಶಿಯನ್ ಇವತ್ತು ಉತ್ತರ ಕೊಡ್ತಾರೆ. ವಿಷಯ ಬಿಟ್ಟು ಬೇರೆ ಹಾಕ್ಬೇಡಿ.

ಹಂಪನಕಟ್ಟೆ, ಜೆರಾಕ್ಸ್ ಅಂಗಡಿ: ಸರ್, ಹೊಸ ವಿಂಡೋಸ್ 11 ಕಂಪ್ಯೂಟರ್ ತಂದೆವು. ನೆಟ್‌ವರ್ಕ್ ತೆರೆದ್ರೆ ಅದರದ್ದೇ ಹೆಸರು ಮಾತ್ರ. ಹಳೇದು ಕಾಣುದೇ ಇಲ್ಲ. ಇಂಟರ್ನೆಟ್ ಎರಡರಲ್ಲೂ ಉಂಟು.

ಟೆಕ್ನೀಶಿಯನ್: ಎರಡರಲ್ಲೂ ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಉಂಟಾ ನೋಡಿ, ಇದ್ರೆ ಪ್ರೈವೇಟ್ ಮಾಡಿ. ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇರ್ಬೇಕು. ಆಮೇಲೆ ಕಾಣದೇ ಇರುವ ಕಂಪ್ಯೂಟರಿನಲ್ಲಿ ಸರ್ವಿಸಸ್ ತೆರೆದು 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಅನ್ನುದನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡಿ. 'ನಾನು ಇಲ್ಲಿದ್ದೇನೆ' ಅಂತ ಬೇರೆಯವಕ್ಕೆ ತಿಳಿಸುದು ಅದೇ. ಆಗಲೂ ಪಟ್ಟಿಯಲ್ಲಿ ಬಾರದಿದ್ರೆ ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ಪಟ್ಟಿಯಲ್ಲಿ \\ ಹಾಕಿ ಹಳೇದರ ಐಪಿ ವಿಳಾಸ ಬರೆಯಿರಿ. ಫೋಲ್ಡರ್ ತೆರೆದ್ರೆ ನೆಟ್‌ವರ್ಕ್ ಸರಿ ಉಂಟು, ಪಟ್ಟಿ ಮಾತ್ರ ತಯಾರಾಗ್ತಿಲ್ಲ. ಡ್ರೈವ್ ಮ್ಯಾಪ್ ಮಾಡಿ (ಆ ಫೋಲ್ಡರಿಗೆ ಒಂದು ಡ್ರೈವ್ ಅಕ್ಷರ ಕೊಟ್ಟು) ಕೆಲಸ ಮುಂದುವರಿಸಿ.

ಸುರತ್ಕಲ್: ನಮ್ಮದೂ ಹೀಗೇ ಸರ್. ಮೊದಲು ಫೈಲ್ ಹಂಚ್ಲಿಕ್ಕೆ ಇದ್ದ ಹೋಂಗ್ರೂಪ್ ಎಲ್ಲಿ ಉಂಟು?

ಟೆಕ್ನೀಶಿಯನ್: ಇಲ್ಲ. 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿ ಬಂದಾಗಲೇ ತೆಗೆದಿದ್ದಾರೆ. ಮೇಲಿನ ಉತ್ತರ ಓದಿ.

ಬಿಜೈ, ಅಕೌಂಟ್ಸ್: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗ್ಲಿ. ಫೈರ್‌ವಾಲ್ ಪೂರ್ತಿ ಆಫ್. ಎಸ್‌ಎಂಬಿ 1.0 (ಫೈಲ್ ಹಂಚುವ ಹಳೇ ವಿಧಾನ) ಆನ್. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್. ಫೋಲ್ಡರಿಗೆ ಎವ್ರಿವನ್, ಫುಲ್ ಕಂಟ್ರೋಲ್. ನೂರಕ್ಕೆ ನೂರು ಕೆಲಸ ಮಾಡ್ತದೆ.

ಟೆಕ್ನೀಶಿಯನ್: ಯಾರೂ ಮಾಡ್ಬೇಡಿ.

ಕಂಕನಾಡಿ, ಕ್ಲಿನಿಕ್: ನಾವು ಇದನ್ನೇ ಮಾಡಿದ್ದು ಸರ್, ಆದ್ರೂ ಆಗ್ಲಿಲ್ಲ. ಲ್ಯಾಬ್ ಕಂಪ್ಯೂಟರ್ ಕೆಳಗೆ, ಡಾಕ್ಟ್ರ ಕೋಣೆ ಮೇಲೆ. ಮೇಲೆ ವೈಫೈ ಸಿಗ್ತಿರ್ಲಿಲ್ಲ, ಕೆಳಗಿಂದ ಕೇಬಲ್ ಎಳೆದು ಇನ್ನೊಂದು ರೂಟರ್ ಇಟ್ಟೆವು. ಅವತ್ತಿಂದ ಡಾಕ್ಟ್ರಿಗೆ ರಿಪೋರ್ಟಿನ ಫೋಲ್ಡರ್ ಕಾಣುದಿಲ್ಲ.

ಟೆಕ್ನೀಶಿಯನ್: ಎರಡೂ ಕಡೆ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಕೊಟ್ಟು ಐಪಿ ವಿಳಾಸ ಹೇಳಿ. ರೋಗಿಗಳಿಗೆ ವೈಫೈ ಕೊಡ್ತೀರಾ?

ಕಂಕನಾಡಿ, ಕ್ಲಿನಿಕ್: ಕೆಳಗೆ 192.168.1.14, ಮೇಲೆ 192.168.0.103. ವೈಫೈ ಪಾಸ್‌ವರ್ಡ್ ರಿಸೆಪ್ಶನ್ ಗೋಡೆಯಲ್ಲೇ ಅಂಟಿಸಿದ್ದೇವೆ, ಕಾಯುವವರಿಗೆ ಬೇಕಲ್ಲ.

ಟೆಕ್ನೀಶಿಯನ್: ಓದುದು ನಿಲ್ಲಿಸಿ ಮೊದಲು ಎರಡೂ ಕಂಪ್ಯೂಟರಿನ ಫೈರ್‌ವಾಲ್ ಆನ್ ಮಾಡಿ ಬನ್ನಿ. ಎವ್ರಿವನ್ ತೆಗೆಯಿರಿ, ಪಾಸ್‌ವರ್ಡ್ ಶೇರಿಂಗ್ ವಾಪಸ್ ಆನ್ ಮಾಡಿ, ಎಸ್‌ಎಂಬಿ 1ರ ಟಿಕ್ ತೆಗೆದು ರೀಸ್ಟಾರ್ಟ್ ಕೊಡಿ.

ಈಗ ಕೇಳಿ. ಕೆಳಗಿನ ಬೆಂಚಿನಲ್ಲಿ ಕೂತವರ ಫೋನ್‌ಗಳೆಲ್ಲ ಲ್ಯಾಬ್ ಕಂಪ್ಯೂಟರ್ ಇರುವ ನೆಟ್‌ವರ್ಕಿನಲ್ಲೇ ಇವೆ. ಫೋನಿನ ಫೈಲ್ ಮ್ಯಾನೇಜರ್ ಆ್ಯಪ್ ಒಂದಿದ್ರೆ ಸಾಕು, ಯಾರದ್ದೋ ರಕ್ತಪರೀಕ್ಷೆಯ ರಿಪೋರ್ಟ್ ಇನ್ಯಾರೋ ತೆರೆಯಬಹುದು, ಅಳಿಸಲೂಬಹುದು. 2017ರ ಮೇಯಲ್ಲಿ ವಾನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸ ನಿಂತದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲಿ ತೇಪೆ ಕೊಟ್ಟಿತ್ತು, ಹಾಕದವರು ಸಿಕ್ಕಿಬಿದ್ರು.

ನಿಮ್ಮ ತೊಂದರೆಗೂ ಫೈರ್‌ವಾಲಿಗೂ ಸಂಬಂಧವೇ ಇಲ್ಲ. ಒಂದು ಕಡೆ 1.14, ಇನ್ನೊಂದು ಕಡೆ 0.103. ಕೇಬಲನ್ನು ಮೇಲಿನ ರೂಟರಿನ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಗೆ ಬರುವ ಕಿಂಡಿ) ಹಾಕಿದ್ದೀರಿ, ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿದೆ. ಹುಡುಕುವ ಕರೆ ರೂಟರ್ ದಾಟುದಿಲ್ಲ, ಪಕ್ಕದ ಮನೆಯವರನ್ನು ಕೋಣೆಯ ಬಾಗಿಲು ಮುಚ್ಚಿ ಕರೆದ ಹಾಗೆ. ಮೇಲಿಂದ \\192.168.1.14 ಹಾಕಿ ನೋಡಿ, ಬಹುಶಃ ತೆರೆಯುತ್ತದೆ. ಕೆಳಗಿಂದ ಮೇಲಿನದ್ದು ತೆರೆಯುದಿಲ್ಲ. ಒಂದೇ ದಿಕ್ಕಿನಲ್ಲಿ ನಡೆಯುದು ಇದರ ಗುರುತು.

ಸರಿ ಮಾಡ್ಲಿಕ್ಕೆ ಮೇಲಿನ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುದು) ಇದ್ರೆ ಅದನ್ನು ಕೊಡಿ. ಇಲ್ಲದಿದ್ರೆ ಅದರ ವಿಳಾಸ 192.168.1.2 ಮಾಡಿ (ಬೇರೆ ಯಾವುದಕ್ಕೂ ಆ ವಿಳಾಸ ಇರ್ಬಾರ್ದು), ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಆಮೇಲೆ ಕೇಬಲ್ ವ್ಯಾನಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಈ ಕ್ರಮ ತಪ್ಪಬಾರ್ದು. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಿಸಿದ್ರೆ ಎರಡೂ ರೂಟರ್ ವಿಳಾಸ ಹಂಚಿ ಇಡೀ ಕ್ಲಿನಿಕ್ ನಿಲ್ತದೆ. ರೋಗಿಗಳಿಗೆ ಕೆಳಗಿನ ಮುಖ್ಯ ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ.

ಬಿಜೈ, ಅಕೌಂಟ್ಸ್: ನಮ್ಮ ಆಫೀಸಲ್ಲಿ ಹಾಗೆ ಮಾಡಿಯೇ ಎಲ್ಲ ನಡೀತಾ ಉಂಟು. ಎಂತದೂ ಆಗ್ಲಿಲ್ಲ.

ಬಂದರು, ಮಂಡಿ: ಆಗುವವರೆಗೆ ಎಂತದೂ ಆಗುದಿಲ್ಲ ಮಾರಾಯ್ರೆ. ಬೇರೆಯವರ ಟ್ಯಾಲಿ ಡೇಟಾ ಇಟ್ಟುಕೊಂಡವರು ನೀವು.

ಬಿಜೈ, ಅಕೌಂಟ್ಸ್: ನಮ್ಮ ಹಳೇ ಕಾಪಿಯರ್ ಎಸ್‌ಎಂಬಿ 1 ಇಲ್ಲದೆ ಸ್ಕ್ಯಾನ್ ಕಳಿಸುದೇ ಇಲ್ಲ. ನೀವು ಹೊಸತು ತೆಗೆಸಿಕೊಡ್ತೀರಾ?

ಬಂದರು, ಮಂಡಿ: ಕಾಪಿಯರಿಗೆ ಬೇಕು ಅಂತ ಕ್ಲಿನಿಕ್ಕಿನವರಿಗೆ ಯಾಕೆ ಹೇಳ್ತೀರಿ?

ಬಿಜೈ, ಅಕೌಂಟ್ಸ್: ನಾನು ಯಾರಿಗೂ ಹೇಳ್ಲಿಲ್ಲ, ಫಾರ್ವರ್ಡ್ ಮಾಡಿದ್ದು ಅಷ್ಟೆ.

ಬಂದರು, ಮಂಡಿ: ಎರಡೂ ಒಂದೇ.

ಟೆಕ್ನೀಶಿಯನ್: ಕಾಪಿಯರಿನಲ್ಲಿ ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ವಿಧಾನ) ಅಥವಾ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡುವ ಅವಕಾಶ ಉಂಟಾ ನೋಡಿ. ಒಂದು ಯಂತ್ರಕ್ಕಾಗಿ ಆಫೀಸಿನ ಎಲ್ಲ ಕಂಪ್ಯೂಟರಿನ ಬಾಗಿಲು ತೆಗೆದಿಡ್ಬೇಡಿ. ಆ ಮೆಸೇಜ್ ಡಿಲೀಟ್ ಮಾಡಿ.

ಕುಂಜಿಬೆಟ್ಟು, ಟ್ಯೂಷನ್: ಮೊನ್ನೆ ಗುಡುಗು-ಮಿಂಚಿನ ನಂತರ ಒಂದರಲ್ಲಿ ಮಾತ್ರ 169.254 ಅಂತ ಬರ್ತದೆ, ಇಂಟರ್ನೆಟ್ಟೂ ಇಲ್ಲ.

ಟೆಕ್ನೀಶಿಯನ್: ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಹಾಕಿಕೊಂಡದ್ದು. ಕೇಬಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ. ಲೈಟ್ ಬಂದ್ರೆ ಹಳೇ ಪೋರ್ಟ್ ಸುಟ್ಟಿದೆ. ಬಾರದಿದ್ರೆ ಕೇಬಲ್ ಬದಲಿಸಿ ನೋಡಿ, ಆಮೇಲೆ ಲ್ಯಾನ್ ಕಾರ್ಡ್.

ಮಲ್ಪೆ: ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ ರೂಟರಿಗೆ ಚುಚ್ಚಿದ ಹಾರ್ಡ್‌ಡಿಸ್ಕ್ ತೆರೆಯುದಿಲ್ಲ. ಪ್ರೊ ಆವೃತ್ತಿ.

ಟೆಕ್ನೀಶಿಯನ್: ಅದರಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ನಿಲ್ಲಿಸಿದ್ದಾರೆ. ರೂಟರಿನಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಹಾಕಿ, ಅದರಲ್ಲೇ ಲಾಗಿನ್ ಆಗಿ. ರಿಜಿಸ್ಟ್ರಿ ಮುಟ್ಬೇಡಿ.

ಪುತ್ತೂರು: ಅಣ್ಣ, ಇಲ್ಲಿಗೆ ಬರ್ತೀರಾ? ಎಷ್ಟಾಗ್ತದೆ?

ಕದ್ರಿ: ಮ್ಯಾಕ್‌ಬುಕ್‌ನಲ್ಲಿ ವಿಂಡೋಸ್ ಕಾಣ್ಲಿಕ್ಕೆ ಎಂತ ಮಾಡ್ಬೇಕು?

ಸುರತ್ಕಲ್: ಪಕ್ಕದ ಕಂಪ್ಯೂಟರಿಗೆ ಪಿಂಗ್ (ಉತ್ತರ ಬರ್ತದಾ ಅಂತ ನೋಡುವ ಕರೆ) ಮಾಡಿದ್ರೆ ಟೈಮ್ ಔಟ್. ಸತ್ತುಹೋಗಿದೆಯಾ?

ಟೆಕ್ನೀಶಿಯನ್: ಫೋಲ್ಡರ್ ತೆರೆಯುತ್ತದಾ?

ಸುರತ್ಕಲ್: ಹೌದು.

ಟೆಕ್ನೀಶಿಯನ್: ಮತ್ತೆಂತ? ಪಿಂಗ್ ತಡೆದದ್ದು ಫೈರ್‌ವಾಲ್. ಬಿಡಿ.

ಮಣಿಪಾಲ: ನೆಟ್‌ವರ್ಕಿನಲ್ಲಿ ಬೇರೆ ಕಂಪ್ಯೂಟರ್ ಕಾಣ್ತಿಲ್ಲ. ಪರಿಹಾರ ತಿಳಿಸಿ.

ಟೆಕ್ನೀಶಿಯನ್: ಮೇಲೆ ಬರೆದಿದ್ದೇನೆ.

ಮಣಿಪಾಲ: ಅಷ್ಟು ಓದ್ಲಿಕ್ಕೆ ಟೈಮ್ ಇಲ್ಲ, ಎರಡು ಸಾಲಲ್ಲಿ ಹೇಳಿ.

ಬಂದರು, ಮಂಡಿ: ಅವರಿಗೆ ಬರೀಲಿಕ್ಕೆ ಟೈಮ್ ಉಂಟಾ?

ಕಂಕನಾಡಿ, ಕ್ಲಿನಿಕ್: ಸರ್, ಫೈರ್‌ವಾಲ್ ಆನ್ ಮಾಡಿ ಆಯ್ತು. ಮೇಲಿಂದ ವಿಳಾಸ ಹಾಕಿದ್ರೆ ಪಾಸ್‌ವರ್ಡ್ ಕೇಳಿ ಫೋಲ್ಡರ್ ತೆರೆಯಿತು! ರೂಟರಿನ ಕೆಲಸ ಭಾನುವಾರ ಮಾಡಿದ್ರೆ ಆದೀತಾ?

ಟೆಕ್ನೀಶಿಯನ್: ರೂಟರ್ ಭಾನುವಾರ ಆಗ್ಲಿ. ವೈಫೈ ಪಾಸ್‌ವರ್ಡ್ ಇವತ್ತೇ ಬದಲಿಸಿ, ಗೋಡೆಯ ಚೀಟಿ ತೆಗೆಯಿರಿ. ರೋಗಿಗಳು ಕೇಳಿದ್ರೆ ಅಲ್ಲಿವರೆಗೆ ಇಲ್ಲ ಅಂತ ಹೇಳಿ.