ಲೋಳೆಸರ: ಒಂದರ ಬುಡ ಮೆತ್ತಗೆ, ಇನ್ನೊಂದರ ಎಲೆ ಕೆಂಪಗೆ. ಬಲ್ಲವರು ತಿಳಿಸಿ

ಬಾಲ್ಕನಿ_ಬುಟ್ಟಿ

ಬೆಂಗಳೂರು, ಮೂರನೇ ಮಹಡಿ, ಪಶ್ಚಿಮದ ಬಾಲ್ಕನಿ. ಎರಡು ಕುಂಡ ಇವೆ.

ಮೊದಲನೆಯದು ನರ್ಸರಿಯಿಂದ ತಂದು ನಾಲ್ಕು ತಿಂಗಳಾದ ದೊಡ್ಡ ಗಿಡ. 10 ಇಂಚಿನ ಪಿಂಗಾಣಿ ಕುಂಡ, ಕೆಳಗೆ ತಟ್ಟೆ. ಕಪ್ಪು ಕವರ್ ಹರಿದು ಉಂಡೆ ಹಾಗೇ ಇಟ್ಟು ಸುತ್ತ ಮಣ್ಣು ತುಂಬಿದ್ದೇನೆ. ದಿನ ಬಿಟ್ಟು ದಿನ ಒಂದು ಲೋಟ ನೀರು. ಈಗ ಕೆಳಗಿನ ನಾಲ್ಕು ಎಲೆ ಹಳದಿಯಾಗಿ ಬುಡದಲ್ಲಿ ಮೆತ್ತಗಾಗಿವೆ, ಗಿಡ ಅಲ್ಲಾಡುತ್ತಿದೆ.

ಎರಡನೆಯದು ಅಂಗೈಯಷ್ಟು ಎತ್ತರ, ಎಲೆ ತುಂಬ ಬಿಳಿ ಮಚ್ಚೆ. ರೇಲಿಂಗ್ ಮೇಲಿದೆ, ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು. ನೀರು ಹದಿನೈದು ದಿನಕ್ಕೊಮ್ಮೆ. ಎಲೆ ಕಂದುಗೆಂಪಾಗಿ, ತೆಳ್ಳಗಾಗಿ ಒಳಕ್ಕೆ ಮಡಚಿಕೊಂಡಿದೆ. ಇದು ಲೋಳೆಸರವೋ, ಕತ್ತಾಳೆಯೋ? ಎರಡಕ್ಕೂ ನೀರು ಜಾಸ್ತಿ ಮಾಡಲಾ?

ಮಣ್ಣು_ಮಡಿಕೆ

ಮೊದಲನೆಯದಕ್ಕೆ ಇವತ್ತಿನಿಂದಲೇ ನೀರು ನಿಲ್ಲಿಸಿ. ಎಲೆಯ ಬಣ್ಣ ನೋಡಿ ಏನೂ ಗೊತ್ತಾಗಲ್ಲ, ನೀರು ಹೆಚ್ಚಾದರೂ ಹಳದಿ, ಕಮ್ಮಿಯಾದರೂ ಹಳದಿ. ಎಲೆಯ ಬುಡವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಚಪ್ಪಟೆಯಾಗಿ ಚರ್ಮದ ಹಾಗೆ ಬಾಗಿದರೆ ಬಾಯಾರಿಕೆ. ಗಾಜಿನಂತೆ ಪಾರದರ್ಶಕವಾಗಿ, ಒತ್ತಿದರೆ ನೀರು ಬಿಟ್ಟುಕೊಂಡರೆ ಕೊಳೆ. ನಿಮ್ಮದು ಅಲ್ಲಾಡುತ್ತಿದೆ ಅಂದರೆ ಬೇರು ಹಿಡಿತ ಬಿಟ್ಟಿದೆ.

ಕಾರಣ ಆ ಉಂಡೆ. ನರ್ಸರಿಯವರು ತುಂಬೋದು ಬಹುಪಾಲು ತೆಂಗಿನ ನಾರಿನ ಪುಡಿ. ಅವರು ದಿನವಿಡೀ ಬಿಸಿಲು, ಗಾಳಿಯಲ್ಲಿ ಇಟ್ಟಿರುತ್ತಾರೆ, ಅಲ್ಲಿ ನಡೆಯುತ್ತೆ. ಪಿಂಗಾಣಿಯೊಳಗೆ ಮೇಲ್ಮಣ್ಣು ಒಣಗಿದಂತೆ ಕಂಡರೂ ನಡುವಿನ ಉಂಡೆ ವಾರಗಟ್ಟಲೆ ಒದ್ದೆ. ಲೋಳೆಸರ ಅರೇಬಿಯದ ಕಲ್ಲುಗುಡ್ಡದ ಗಿಡ. ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಟ್ಟು ರಾತ್ರಿ ತೆರೆಯುತ್ತೆ, ಹಾಗಾಗಿ ಅದು ಕುಡಿಯೋದೇ ಕಮ್ಮಿ. ಬೇರಿಗೆ ಗಾಳಿ ಸಿಗದಿದ್ದರೆ ಸಾಯುತ್ತೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತೆ.

ಗಿಡ ಕಿತ್ತು ಉಂಡೆಯನ್ನು ಪೂರ್ತಿ ಉದುರಿಸಿ, ಅಂಟಿಕೊಂಡಿದ್ದರೆ ನಲ್ಲಿ ಕೆಳಗೆ ತೊಳೆಯಿರಿ. ಗಟ್ಟಿಯಾಗಿ ಕೆನೆ ಬಣ್ಣದಲ್ಲೋ ತುಸು ಹಳದಿಯಾಗೋ ಇರೋದು ಜೀವಂತ ಬೇರು. ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತಿದೆ, ಕತ್ತರಿಸಿ. ಬ್ಲೇಡನ್ನು ಪ್ರತಿ ಕೊಯ್ತಕ್ಕೂ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮೆತ್ತಗಾದ ಎಲೆಗಳೂ ಹೋಗಲಿ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ, ಹಳೇ ಪೇಪರ್ ಮೇಲೆ 3 ದಿನ ಹಾಗೇ ಮಲಗಿಸಿ. ಸಾಯಲ್ಲ, ಹೆದರಬೇಡಿ.

ಹೊಸ ಮಿಶ್ರಣ: ಕೆಂಪು ಮಣ್ಣು 2 ಪಾಲು, ದಪ್ಪ ಮರಳು 2 ಪಾಲು, ಕಡಲೆಕಾಳಿನಷ್ಟು ಇಟ್ಟಿಗೆ ಚೂರು 1 ಪಾಲು, ಎರೆಗೊಬ್ಬರ ಅರ್ಧ ಪಾಲು. ಬೇರು ಕಮ್ಮಿ ಉಳಿಯುತ್ತೆ, ಹಾಗಾಗಿ 6 ಇಂಚಿನ ಮಣ್ಣಿನ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ನೆಟ್ಟ ಒಂದು ವಾರದ ಮೇಲೆ ಮೊದಲ ನೀರು.

ತಾರಸಿ_ತೋಟ

ಮೇಲಿನದಕ್ಕೆ ಒಂದು ತಿದ್ದುಪಡಿ. ಈಗ ಊರಲ್ಲಿ ಮರಳು ಅಂತ ಸಿಗೋದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಅದನ್ನು ಹಾಗೇ ಹಾಕಿದರೆ ಕಲ್ಲಿನ ಪುಡಿ ಮಣ್ಣಿನ ಜೊತೆ ಸೇರಿ ಗಟ್ಟಿ ಹೆಂಟೆ ಆಗುತ್ತೆ, ಮರಳು ಹಾಕಿದ ಉದ್ದೇಶವೇ ಹಾಳು. ಜರಡಿ ಹಿಡಿದು ಮೇಲೆ ಉಳಿದದ್ದನ್ನು ಮಾತ್ರ ತೊಳೆದು ಬಳಸಿ. ಕುಂಡದ ತಳಕ್ಕೆ ಜಲ್ಲಿ ಸುರಿಯೋ ಅಭ್ಯಾಸವೂ ಬೇಡ. ನೀರು ಜಲ್ಲಿಗೆ ಇಳಿಯೋ ಮುಂಚೆ ಅದರ ಮೇಲಿನ ಮಣ್ಣಲ್ಲೇ ತಂಗುತ್ತೆ, ಅಂದರೆ ಒದ್ದೆ ಪದರ ಬೇರಿನ ಹತ್ತಿರಕ್ಕೇ ಬಂದಂಗೆ. ತೂತಿನ ಮೇಲೆ ಒಂದು ಮಡಿಕೆ ಚೂರು ಸಾಕು.

ಎರಡನೇ ಗಿಡದ ಬಗ್ಗೆ: ಕತ್ತಾಳೆ ಆಗಿದ್ದರೆ ಎಲೆ ಮುರಿದಾಗ ನಾರು ಎಳೆ ಎಳೆಯಾಗಿ ಬರುತ್ತೆ, ತುದಿಯಲ್ಲಿ ಗಟ್ಟಿ ಮುಳ್ಳಿರುತ್ತೆ. ಲೋಳೆ ಬಂದರೆ ಲೋಳೆಸರದ ಬಳಗ. ಎಳೇ ಲೋಳೆಸರಕ್ಕೂ ಮಚ್ಚೆ ಇರುತ್ತೆ, ಎಲೆ ಎದುರುಬದುರಾಗಿ ಎರಡು ಸಾಲಲ್ಲಿ ಬರುತ್ತೆ, ಬಲಿತಾಗ ಮಚ್ಚೆ ಮಾಸಿ ಸುತ್ತಲೂ ಹರಡಿಕೊಳ್ಳುತ್ತೆ. ಗಿಡ ಬಲಿತರೂ ಮಚ್ಚೆ ಹೋಗದೆ, ಎಲೆ ಗಿಡ್ಡ ಅಗಲವಾಗೇ ಉಳಿದು ಕಿತ್ತಳೆ ಹೂ ಬಿಟ್ಟರೆ ಅದು ಬೇರೆ ಜಾತಿ, ಅಂದಕ್ಕೆ ಬೆಳೆಸೋದು. ಔಷಧಿಯ ಲೋಳೆಸರದ ಹೂ ಸಾಮಾನ್ಯವಾಗಿ ಹಳದಿ. ಯಾವುದೇ ಇರಲಿ, ಆರೈಕೆ ಒಂದೇ. ಗುರುತು ಖಚಿತವಾಗೋವರೆಗೆ ಬಾಯಿಗೆ ಹಾಕಬೇಡಿ, ಅಷ್ಟೇ.

ಕೆಂಪು ರೋಗವಲ್ಲ. ಬಿರುಬಿಸಿಲಿಗೆ ಗಿಡ ತಾನೇ ತುಂಬಿಕೊಳ್ಳೋ ಬಣ್ಣ. ಬೆಳಗಿನ ಬಿಸಿಲು ಮೂರ್ನಾಲ್ಕು ಗಂಟೆ ಬೀಳೋ ಕಡೆ ಇಡಿ, ನಿಮ್ಮ ಬಾಲ್ಕನಿಯಲ್ಲಿ ಅದಿಲ್ಲದಿದ್ದರೆ ರೇಲಿಂಗ್‌ನಿಂದ ಎರಡಡಿ ಒಳಕ್ಕೆ. ತಳದಿಂದ ನೀರು ಹರಿಯೋ ತನಕ ಒಂದು ಸಲ ಹಾಕಿ. ಎಲೆ ನಾಲ್ಕೈದು ದಿನದಲ್ಲಿ ಉಬ್ಬುತ್ತೆ, ಹಸಿರು ಬರೋಕೆ ವಾರಗಳು ಬೇಕು. ಸುಟ್ಟು ಒಣಗಿದ ಕಂದು ಕಲೆ ಮಾತ್ರ ಹೋಗಲ್ಲ. ಮತ್ತೆ ಯಾವಾಗ ನೀರು ಅಂತ ತಾರೀಖು ಕೇಳಬೇಡಿ. ಉರಿದು ಮುಗಿದ ಊದುಬತ್ತಿ ಕಡ್ಡಿಯನ್ನು ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟದೆ ಒಣಗಿ ಬಂದರೆ ಹಾಕಿ.

ಬಾಲ್ಕನಿ_ಬುಟ್ಟಿ

ಕಿತ್ತು ನೋಡಿದೆ. ಮೂರು ಬೇರು ಬಿಟ್ಟರೆ ಎಲ್ಲ ಕಪ್ಪು. ಕಾಂಡದ ತುದಿ ಕತ್ತರಿಸಿದರೆ ನಡುವೆ ಕಂದು ವೃತ್ತ. ಬೇರಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಇದೆ. ಪಕ್ಕದಲ್ಲಿ ಎರಡು ಮರಿ, ಒಂದು 5 ಇಂಚು, ಒಂದು 2 ಇಂಚು. ಎಲೆ ಕತ್ತರಿಸಿ ನೆಟ್ಟರೆ ಬರುತ್ತಾ?

ಮಣ್ಣು_ಮಡಿಕೆ

ಎಲೆ ನೆಟ್ಟರೆ ಕೊಳೆಯುತ್ತೆ. ವಿಡಿಯೋಗಳಲ್ಲಿ ತೋರಿಸೋದನ್ನು ನಂಬಬೇಡಿ.

ಕಾಂಡವನ್ನು ಬಿಲ್ಲೆ ಬಿಲ್ಲೆಯಾಗಿ ಮೇಲಕ್ಕೆ ಕೊಯ್ಯುತ್ತಾ ಹೋಗಿ. ಕಂದು ಚುಕ್ಕೆ ಒಂದೂ ಇಲ್ಲದ ತಿಳಿ ಬಣ್ಣದ ಕೊಯ್ತ ಬರೋವರೆಗೆ ನಿಲ್ಲಿಸಬೇಡಿ. ಕರುಣೆ ತೋರಿಸಿ ಅರ್ಧ ಮಿಲಿಮೀಟರ್ ಬಿಟ್ಟರೂ ಅಲ್ಲಿಂದಲೇ ಮತ್ತೆ ಶುರು. ಬೇರು ಪೂರ್ತಿ ಹೋದರೂ ಪರವಾಗಿಲ್ಲ, ಆಗ 3 ದಿನ ಸಾಲದು, 7ರಿಂದ 10 ದಿನ ಒಣಗಿಸಿ, ಕೊಯ್ದ ಜಾಗ ಚರ್ಮದಂತೆ ಗಟ್ಟಿಯಾಗಬೇಕು. ಬೇರಿಲ್ಲದ ಗಿಡವನ್ನು ಮಿಶ್ರಣದ ಮೇಲೆ ಕೂರಿಸಿ ಕಡ್ಡಿ ಆಸರೆ ಕೊಡಿ, ಮಣ್ಣಿಗೆ ತುಸು ತೇವ ಸಾಕು. ಮೆಲ್ಲಗೆ ಎಳೆದಾಗ ತಡೆದರೆ ಬೇರು ಬಂದಿದೆ.

5 ಇಂಚಿನ ಮರಿಗೆ ಸ್ವಂತ ಬೇರಿದ್ದರೆ ಬೇರ್ಪಡಿಸಿ ನೆಡಿ. 2 ಇಂಚಿನದನ್ನು ತಾಯಿ ಕಾಂಡ ಅಲ್ಲಿಯವರೆಗೆ ಗಟ್ಟಿ ಇದ್ದರೆ ಮಾತ್ರ ಹಾಗೇ ಬಿಡಿ.

ಆ ಬಿಳಿ ಹತ್ತಿಯಂಥದ್ದು ಹಿಟ್ಟು ತಿಗಣೆ, ಗಿಡದ ರಸ ಹೀರೋ ಹುಳು (ಮೀಲಿಬಗ್). ಆ ಮಣ್ಣು ಬೇರೆ ಕುಂಡಕ್ಕೆ ಹಾಕಬೇಡಿ, ಕುಂಡವನ್ನು ಕುದಿನೀರಲ್ಲಿ ತೊಳೆಯಿರಿ. ಉಳಿದ ಬೇರನ್ನು ಉಜ್ಜಿ ತೊಳೆದು, ಎಲೆ ಸಂದಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಇರುವೆ ಓಡಾಡುತ್ತಿದ್ದರೆ ತಿಗಣೆ ಇನ್ನೂ ಇದೆ ಅಂತಲೇ ಲೆಕ್ಕ.

ಕರಾವಳಿ_ಕೈತೋಟ

ಮಂಗಳೂರು, ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನಡಿ ಇಟ್ಟ ಗಿಡಕ್ಕೆ ಬಹುತೇಕ ನೀರೇ ಬೇಡ. ಇಟ್ಟಿಗೆ ಚೂರಿನ ಪಾಲು ಎರಡಕ್ಕೆ ಏರಿಸಿ, ಎರೆಗೊಬ್ಬರ ಮಳೆ ಮುಗಿದ ಮೇಲೆ. ಎಲೆ ಅಂಚಿನಲ್ಲಿ ಹೂಕೋಸಿನಂತೆ ಗಂಟು ಗಂಟಾಗಿ ಬೆಳೆದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಆ ಭಾಗ ಕೊಯ್ದು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಬಾಲ್ಕನಿ_ಬುಟ್ಟಿ

ಕೊಯ್ದ ಎಲೆಗಳಲ್ಲಿ ಎರಡು ಗಟ್ಟಿಯಾಗಿವೆ. ಮುಖಕ್ಕೆ ಹಚ್ಚಬಹುದಾ?

ತಾರಸಿ_ತೋಟ

ದೊಡ್ಡ ಗಿಡದ್ದಾದರೆ, ಅದಕ್ಕೆ ಔಷಧಿ ಸಿಂಪಡಿಸಿಲ್ಲದಿದ್ದರೆ ಹಚ್ಚಬಹುದು. ಕೊಯ್ದ ಬದಿ ಕೆಳಗಾಗಿ ಲೋಟದಲ್ಲಿ 15 ನಿಮಿಷ ನಿಲ್ಲಿಸಿ, ಸಿಪ್ಪೆಯಡಿಯ ಹಳದಿ ರಸ ಇಳಿದುಹೋಗಲಿ. ಅದು ಕೆಲವರಿಗೆ ತುರಿಕೆ ತರುತ್ತೆ, ಹೊಟ್ಟೆಗೆ ಹೋದರೆ ಭೇದಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಸಿಪ್ಪೆಯನ್ನೂ ಕೈಗೆಟುಕದ ಕಡೆ ಬಿಸಾಡಿ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.