ಪ್ಲಂಬರ್ ಲೈಸೆನ್ಸ್ ನಿಯಮಗಳ ಪರಿಷ್ಕರಣೆ: ಸರ್ಕಾರಕ್ಕೆ ಕೊಡುವ ಮನವಿಯಲ್ಲಿ ಏನೇನು ಕೇಳಬೇಕು?

ಪ್ರಶ್ನೆ: ಬಡಾವಣೆ ಸಂಘದ ಕಾರ್ಯದರ್ಶಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಪ್ಲಂಬರ್‌ಗಳಿಗೆ ಲೈಸೆನ್ಸ್ ಕೊಡುವ ನಿಯಮಗಳನ್ನು ಪರಿಷ್ಕರಿಸಬೇಕೆಂದು ಕೋರಿ ನಮ್ಮ ನಿವಾಸಿಗಳ ಸಂಘದ ಪರವಾಗಿ ಶಾಸಕರ ಮೂಲಕ ಸರ್ಕಾರಕ್ಕೆ ಮನವಿ ಸಲ್ಲಿಸಬೇಕೆಂದಿದ್ದೇವೆ. ಬೆಂಗಳೂರಿನಲ್ಲಿ ಹೊಸ ಮನೆಗೆ ಕಾವೇರಿ ನೀರು ಮತ್ತು ಒಳಚರಂಡಿ ಸಂಪರ್ಕ ಪಡೆಯಬೇಕಾದರೆ ಜಲಮಂಡಳಿಯ ಲೈಸೆನ್ಸ್ ಹೊಂದಿದ ಪ್ಲಂಬರ್ ಮೂಲಕವೇ ಹೋಗಬೇಕು. ಆದರೆ ಮೀಟರ್ ದಾಟಿ ಕಾಂಪೌಂಡಿನ ಒಳಗೆ ಬಂದ ಮೇಲೆ ಸಂಪು, ಮೋಟಾರು, ಓವರ್‌ಹೆಡ್ ಟ್ಯಾಂಕು, ಬಚ್ಚಲುಮನೆಯ ಪೈಪುಗಳು, ಇವನ್ನೆಲ್ಲ ಯಾರು ಮಾಡಿದರು, ಅವರಿಗೆ ಕೆಲಸ ಗೊತ್ತಿತ್ತೇ ಎಂದು ಕೇಳುವವರೇ ಇಲ್ಲ.

ನಮ್ಮ ರಸ್ತೆಯ ಮೂರಂತಸ್ತಿನ ಕಟ್ಟಡವೊಂದರಲ್ಲಿ ಸಂಪಿಗೆ ಒಂದೆರಡು ಅಡಿ ಅಂತರದಲ್ಲೇ ಒಳಚರಂಡಿ ಪೈಪಿನ ಇನ್‌ಸ್ಪೆಕ್ಷನ್ ಚೇಂಬರ್ ಕಟ್ಟಿದ್ದರು. ಚೇಂಬರಿನ ತಳಕ್ಕೆ ಸರಿಯಾಗಿ ಗಾರೆ ಮಾಡಿರಲಿಲ್ಲ. ಕೊಳಚೆ ನೀರು ಸಂಪಿಗೆ ಜಿನುಗಿ, ಬಾಡಿಗೆಗಿದ್ದ ಎರಡು ಸಂಸಾರಗಳ ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಬೇಕಾಯಿತು. ಸಂಪರ್ಕದ ಅರ್ಜಿಗೆ ಸಹಿ ಹಾಕಿದ ಪ್ಲಂಬರ್ ಒಬ್ಬರು, ಪೈಪು ಎಳೆದವರು ಇನ್ನೊಬ್ಬರು, ಅವರನ್ನು ಕರೆತಂದ ಮೇಸ್ತ್ರಿ ಮತ್ತೊಬ್ಬರು. ಯಾರ ಮೇಲೆ ದೂರು ಕೊಡಬೇಕೆಂಬುದೇ ಮನೆ ಮಾಲೀಕರಿಗೆ ತಿಳಿಯಲಿಲ್ಲ.

ಬಡ ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯದೆ, ಮನೆಯೊಳಗಿನ ಕೆಲಸಕ್ಕೂ ಹೊಣೆಗಾರಿಕೆ ಬರುವಂತೆ ನಿಯಮ ರೂಪಿಸಲು ಸಾಧ್ಯವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು

ಮನವಿಯ ಮೊದಲ ಸಾಲಿನಲ್ಲೇ ಒಂದು ಮಾತು ಸ್ಪಷ್ಟವಾಗಿರಲಿ: ನಮ್ಮಲ್ಲಿ ಲೈಸೆನ್ಸ್ ಇರುವುದು ಸಂಪರ್ಕಕ್ಕೆ, ಕಸುಬಿಗಲ್ಲ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಅಧಿನಿಯಮ ಬಂದದ್ದು 1964ರಲ್ಲಿ. ಸಾರ್ವಜನಿಕ ಕೊಳವೆಯನ್ನು ಯಾರೂ ಮನಸ್ಸಿಗೆ ಬಂದಂತೆ ಕೊರೆಯಬಾರದು, ನೀರು ಕಳವಾಗಬಾರದು ಎಂಬುದು ಅಂದಿನ ಮುಖ್ಯ ಕಾಳಜಿಯಾಗಿತ್ತು. ಇಂದು ಅದೇ ಪ್ಲಂಬರ್‌ನಿಂದ ನಾವು ಬಯಸುವ ಕೆಲಸವೇ ಬೇರೆ. 2009ರ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯವಾಯಿತು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಫ್ಲಶ್‌ಗೆ ಒಯ್ಯಲು ಪ್ರತ್ಯೇಕ ಪೈಪುಗಳು ಬಂದವು. 2024ರ ಮಾರ್ಚ್ ತಿಂಗಳ ನೀರಿನ ಬವಣೆಯಲ್ಲಿ ವಾಣಿಜ್ಯ ಕಟ್ಟಡಗಳು ಮತ್ತು ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಬೇಕೆಂಬ ಆದೇಶವೂ ಬಂತು. ಇವುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಜೋಡಿ ಪೈಪಿನ ವ್ಯವಸ್ಥೆ. ಸಂಸ್ಕರಿಸಿದ ನೀರಿನ ಪೈಪನ್ನು ಕುಡಿಯುವ ನೀರಿನ ಪೈಪಿಗೆ ತಪ್ಪಾಗಿ ಒಂದೇ ಒಂದು ಕಡೆ ಜೋಡಿಸಿದರೂ ಇಡೀ ಬ್ಲಾಕಿನ ಜನ ಕಾಯಿಲೆ ಬೀಳಬಹುದು, ಮತ್ತು ಆ ಜೋಡಣೆ ಗೋಡೆಯೊಳಗೆ ಮುಚ್ಚಿಹೋದ ಮೇಲೆ ಅದನ್ನು ಹುಡುಕಿ ತೆಗೆಯುವುದು ಬಹಳ ಕಷ್ಟ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಒಂಬತ್ತನೆಯ ಭಾಗವು ಪ್ಲಂಬಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಅಥವಾ ನೋಂದಾಯಿತ ಪ್ಲಂಬರ್‌ನಿಂದಲೇ ಮಾಡಿಸಬೇಕೆನ್ನುತ್ತದೆ. ಆದರೆ ಆ ಸಂಹಿತೆ ಶಿಫಾರಸಿನ ಸ್ವರೂಪದ್ದು. ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ತನ್ನ ಕಟ್ಟಡ ನಿಯಮಗಳಲ್ಲಿ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಕಾನೂನಿನ ಬಲ. ಹೀಗಾಗಿ ನಿಮ್ಮ ಮನವಿ ರಾಜ್ಯ ಸರ್ಕಾರಕ್ಕೆ ಹೋಗುತ್ತಿರುವುದು ಸರಿಯಾಗಿಯೇ ಇದೆ.

ಮಾದರಿಗಾಗಿ ದೂರ ಹುಡುಕಬೇಕಾಗಿಲ್ಲ. ವಿದ್ಯುತ್ ಕೆಲಸಕ್ಕೆ ನಮ್ಮ ರಾಜ್ಯದಲ್ಲೇ ಗುತ್ತಿಗೆದಾರರ ಲೈಸೆನ್ಸ್, ಮೇಲ್ವಿಚಾರಕರ ಪರ್ಮಿಟ್, ವೈರ್‌ಮನ್ ಪರ್ಮಿಟ್ ಎಂಬ ಮೂರು ಹಂತಗಳಿವೆ. ತಂತಿ ಎಳೆಯುವ ಕೈಗೂ ಕಾಗದದ ಮೇಲೆ ಒಂದು ಗುರುತಿದೆ. ನೀರಿನ ಕೆಲಸಕ್ಕೂ ಹಾಗೆಯೇ ಕೆಲಸಗಾರರ ಪರ್ಮಿಟ್ ಮತ್ತು ಗುತ್ತಿಗೆ ಹಿಡಿಯುವವರ ಲೈಸೆನ್ಸ್ ಬೇರೆ ಬೇರೆಯಾಗಿರಲಿ, ಅದು ಇಡೀ ರಾಜ್ಯಕ್ಕೆ ಒಂದೇ ಆಗಿರಲಿ ಎಂದು ಕೇಳಿ.

ಉತ್ತರ 2: ಪ್ಲಂಬಿಂಗ್ ಗುತ್ತಿಗೆದಾರ, ದಾವಣಗೆರೆ

ಎಂಜಿನಿಯರ್ ಸಾಹೇಬರ ಮಾತನ್ನು ಗೌರವಿಸುತ್ತಲೇ ಕೆಲಸಗಾರರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಹೆಲ್ಪರ್ ಆಗಿ ಸೇರಿ, ಪೈಪು ಹುದುಗಿಸಲು ಗೋಡೆ ಕೊರೆಯುತ್ತ, ಮೇಸ್ತ್ರಿಯ ಕೈ ನೋಡಿ ಕಲಿತವರು. ಐಟಿಐನಲ್ಲಿ ಒಂದು ವರ್ಷದ ಪ್ಲಂಬರ್ ತರಬೇತಿ ಇರುವುದು ನಿಜವಾದರೂ, ಕೂಲಿ ಬಿಟ್ಟು ಒಂದು ವರ್ಷ ತರಗತಿಯಲ್ಲಿ ಕೂರುವ ಅನುಕೂಲ ಎಷ್ಟು ಮನೆಗಳಲ್ಲಿದೆ? ಲಿಖಿತ ಪರೀಕ್ಷೆಯೊಂದನ್ನೇ ಮುಂದಿಟ್ಟರೆ ಕೆಲಸ ಬಲ್ಲವನು ಹೊರಗೆ ಉಳಿಯುತ್ತಾನೆ, ಬರೆಯಲು ಬಲ್ಲವನು ಲೈಸೆನ್ಸ್ ಪಡೆದು ತನ್ನ ಸಹಿಯನ್ನು ಮಾರುತ್ತಾನೆ. ಈಗಲೂ ಸಹಿಗೆ ಇಷ್ಟು ಎಂದು ಹಣ ಪಡೆದು ಸೈಟಿನ ಕಡೆ ತಲೆಯನ್ನೂ ಹಾಕದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪರೀಕ್ಷೆ ಕೈಕೆಲಸದಲ್ಲೇ ನಡೆಯಲಿ. ಬಿಸಿನೀರಿಗೂ ಬಳಸುವ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಒಂದು ಜೋಡಣೆ ಮಾಡಿಸಿ ನೋಡಿದರೆ ಸಾಕು, ಅರ್ಧ ಗಂಟೆಯಲ್ಲಿ ಆಸಾಮಿ ಎಂಥವನೆಂದು ತಿಳಿಯುತ್ತದೆ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಪ್ಪೆಯನ್ನು ಕೆರೆದು ತೆಗೆದು, ಪೈಪಿಗೂ ಫಿಟ್ಟಿಂಗಿನ ಒಳಮೈಗೂ ತೆಳುವಾಗಿ ಸಾಲ್ವೆಂಟ್ ಎಂಬ ಅಂಟು ಹಚ್ಚಿ, ಪೈಪನ್ನು ಪೂರ್ತಿ ಒಳಗೆ ಸೇರಿಸಿ ಕಾಲು ಸುತ್ತು ತಿರುಗಿಸಿ, ಅದು ಹಿಂದಕ್ಕೆ ಸರಿಯದಂತೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ತಣ್ಣೀರಿನ ಯುಪಿವಿಸಿ ಪೈಪಿನ ಸಾಲ್ವೆಂಟನ್ನೇ ಸಿಪಿವಿಸಿಗೂ ಹಚ್ಚಿದರೆ ಅಂದಿಗೆ ಅಂಟಿಕೊಳ್ಳಬಹುದು, ಆದರೆ ಗೀಸರಿನ ಬಿಸಿನೀರು ಹರಿಯತೊಡಗಿದ ಮೇಲೆ ಆ ಜಾಯಿಂಟನ್ನು ನಂಬುವಂತಿಲ್ಲ. ಜಾಯಿಂಟ್ ಚೆನ್ನಾಗಿ ಒಣಗಿದ ನಂತರ ಎಲ್ಲ ಪಾಯಿಂಟುಗಳಿಗೂ ಎಂಡ್ ಪ್ಲಗ್ ಹಾಕಿ, ಕೈಪಂಪಿನಿಂದ ನೀರು ತುಂಬಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಬೇಕು. ಇದನ್ನು ನಾವು ಮಾಡಲು ಸಿದ್ಧರಿದ್ದರೂ ಅಷ್ಟರಲ್ಲಿ ಟೈಲ್ಸ್ ಹಾಕುವವರು ಬಂದು ನಿಂತಿರುತ್ತಾರೆ, ‘ಮುಚ್ಚಿಬಿಡಿ, ಆಮೇಲೆ ನೋಡೋಣ’ ಎಂದು ಬಿಲ್ಡರ್ ಒತ್ತಾಯಿಸುತ್ತಾರೆ. ಈ ಪ್ರೆಷರ್ ಟೆಸ್ಟಿನ ದಾಖಲೆಗೆ ಮಾಲೀಕರು ಮತ್ತು ಪ್ಲಂಬರ್ ಇಬ್ಬರೂ ಸಹಿ ಹಾಕದೆ ಗೋಡೆ ಮುಚ್ಚಬಾರದೆಂದು ನಿಯಮವಿದ್ದರೆ ಅದು ನಮಗೆ ಬಲ ಕೊಡುತ್ತದೆ, ಹೊರೆಯಾಗುವುದಿಲ್ಲ.

ಈಗಾಗಲೇ ಕಸುಬಿನಲ್ಲಿರುವವರಿಗೆ ಮೊದಲ ಕೆಲವು ವರ್ಷ ಶುಲ್ಕವಿಲ್ಲದೆ, ಅವರವರ ತಾಲ್ಲೂಕಿನಲ್ಲೇ, ಕನ್ನಡದಲ್ಲಿ ಪರೀಕ್ಷೆ ನಡೆಸಿ ಪರ್ಮಿಟ್ ಕೊಡಲಿ. ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಆಗಲೇ ಇದೆ. ಆದರೆ ಆ ಪ್ರಮಾಣಪತ್ರವಿಲ್ಲದೆಯೂ ಎಲ್ಲ ಕೆಲಸ ನಡೆಯುವುದರಿಂದ ಅದಕ್ಕೆ ಬೆಲೆ ಬಂದಿಲ್ಲ.

ಉತ್ತರ 3: ಆಸ್ಟಿನ್, ಟೆಕ್ಸಾಸ್‌ನಲ್ಲಿರುವ ಕನ್ನಡಿಗ

ದಾವಣಗೆರೆಯವರು ಹೇಳಿದ ಅನುಭವದ ದಾರಿ ಇಲ್ಲಿಯ ವ್ಯವಸ್ಥೆಯ ಬೆನ್ನೆಲುಬು. ಟೆಕ್ಸಾಸ್‌ನಲ್ಲಿ ಪ್ಲಂಬಿಂಗ್ ಲೈಸೆನ್ಸ್ ಕಾನೂನು 1947ರಿಂದಲೂ ಇದೆ. ಹೊಸಬರು ಅಪ್ರೆಂಟಿಸ್ ಎಂದು ನೋಂದಾಯಿಸಿಕೊಂಡು ಲೈಸೆನ್ಸ್ ಇರುವವರ ಕೈಕೆಳಗೆ ಸಂಬಳಕ್ಕೆ ದುಡಿಯುತ್ತಲೇ ಕಲಿಯುತ್ತಾರೆ. 4,000 ಗಂಟೆ ಕೆಲಸ ಮಾಡಿದವರು ಸಣ್ಣ ಮನೆಗಳಿಗೆ ಸೀಮಿತವಾದ ಲೈಸೆನ್ಸ್‌ಗೂ, 8,000 ಗಂಟೆ ಮಾಡಿದವರು ಜರ್ನಿಮನ್ (ಪೂರ್ಣ ಪ್ರಮಾಣದ ಕೆಲಸಗಾರ) ಲೈಸೆನ್ಸ್‌ಗೂ ಪರೀಕ್ಷೆ ಬರೆಯಬಹುದು. ಅದರ ಮೇಲಿನದು ಮಾಸ್ಟರ್. ಸಾರ್ವಜನಿಕರೊಂದಿಗೆ ಗುತ್ತಿಗೆ ಮಾಡಿಕೊಳ್ಳಬೇಕಾದರೆ ಆ ಮಾಸ್ಟರ್ ವಿಮೆ ಮಾಡಿಸಿ ‘ಜವಾಬ್ದಾರ ಮಾಸ್ಟರ್ ಪ್ಲಂಬರ್’ ಎಂದು ನೋಂದಾಯಿಸಿಕೊಳ್ಳಬೇಕು. ಕಂಪನಿಯ ವ್ಯಾನಿನ ಮೇಲೆ ಅವರ ಲೈಸೆನ್ಸ್ ಸಂಖ್ಯೆ ಬರೆದಿರುತ್ತದೆ. ದೂರು ಯಾರ ಮೇಲೆ ಎಂಬ ಗೊಂದಲಕ್ಕೆ ಇಲ್ಲಿ ಆಸ್ಪದ ಕಡಿಮೆ.

ಆದರೆ ಲೈಸೆನ್ಸ್ ಕೊಡುವ ಕಚೇರಿ ನಿಧಾನವಾದರೆ ವ್ಯವಸ್ಥೆಯ ಬುಡವೇ ಅಲುಗುತ್ತದೆ ಎಂಬುದನ್ನೂ ಈ ರಾಜ್ಯ ಕಂಡಿದೆ. ಪರೀಕ್ಷೆ ಮತ್ತು ಲೈಸೆನ್ಸ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿದೆಯೆಂಬ ಆಕ್ಷೇಪದ ನಡುವೆ, 2019ರಲ್ಲಿ ಪ್ಲಂಬಿಂಗ್ ಮಂಡಳಿಯನ್ನು ಬೇರೊಂದು ಇಲಾಖೆಗೆ ಸೇರಿಸುವ ಮಸೂದೆ ಬಂತು. ಮಂಡಳಿಯ ಅವಧಿ ಮುಗಿಯುತ್ತಿದ್ದುದರಿಂದ, ಅದು ಶಾಸನಸಭೆಯಲ್ಲಿ ಬಿದ್ದುಹೋದಾಗ ಮಂಡಳಿಯ ಜೊತೆಗೆ ಲೈಸೆನ್ಸ್ ಕಾನೂನೇ ರದ್ದಾಗುವ ಸ್ಥಿತಿ ಉಂಟಾಯಿತು. ಗವರ್ನರ್ ಗ್ರೆಗ್ ಅಬಾಟ್ ಅವರು 2017ರ ಹಾರ್ವೆ ಚಂಡಮಾರುತದ ಪುನರ್ನಿರ್ಮಾಣವನ್ನು ಕಾರಣವಾಗಿ ನೀಡಿ, ತಮ್ಮ ವಿಪತ್ತು ಅಧಿಕಾರ ಬಳಸಿ 2021ರ ಮೇ ತನಕ ಅದನ್ನು ಉಳಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಬಂದ ಭೀಕರ ಶೀತಗಾಳಿಗೆ ಅಸಂಖ್ಯ ಮನೆಗಳ ಪೈಪುಗಳು ಹೆಪ್ಪುಗಟ್ಟಿ ಒಡೆದಾಗ ಪ್ಲಂಬರ್‌ಗಳು ಸಾಲದೆ, ಹೊರರಾಜ್ಯದವರಿಗೆ ತಾತ್ಕಾಲಿಕ ಅನುಮತಿ ಕೊಡಬೇಕಾಯಿತು. ಆ ನಂತರವೇ ಶಾಸನಸಭೆ ಮಂಡಳಿಯನ್ನು 2027ರವರೆಗೆ ಮುಂದುವರಿಸಿದ್ದು. ಆದ್ದರಿಂದ ಅರ್ಜಿ ಕೊಟ್ಟ ಇಷ್ಟು ದಿನಗಳೊಳಗೆ ಪರೀಕ್ಷೆ ನಡೆಸಲೇಬೇಕು ಎಂಬ ಗಡುವನ್ನು ನಿಮ್ಮ ಮನವಿಯಲ್ಲಿ ಖಂಡಿತ ಸೇರಿಸಿ.

ಉತ್ತರ 4: ಗೃಹಿಣಿ, ಸಾಗರ

ಚರ್ಚೆ ಕಾವೇರಿ ಸಂಪರ್ಕದ ಸುತ್ತಲೇ ಸುತ್ತುತ್ತಿದೆ. ನಮ್ಮಂಥ ಊರುಗಳಲ್ಲಿ ಬಾವಿಯ ನೀರು ಕುಡಿಯುವ ಮನೆಗಳು ಬಹಳ, ಶೌಚಕ್ಕೆ ಹಿತ್ತಲಿನ ಗುಂಡಿಯೇ ಗತಿ. ಬಾವಿಗೂ ಗುಂಡಿಗೂ ಎಷ್ಟು ಅಂತರವಿರಬೇಕು, ನೆಲದ ಇಳಿಜಾರು ಎತ್ತ ಎಂದು ನೋಡಿ ಹೇಳುವವರೂ ಪ್ಲಂಬರೇ ಆಗಿರುತ್ತಾರೆ. ಗುಂಡಿಯಲ್ಲಿ ಅಡಚಣೆಯಾದಾಗ ‘ಸ್ವಲ್ಪ ಇಳಿದು ನೋಡಪ್ಪ’ ಎಂದು ಅವರನ್ನೇ ಇಳಿಸುವ ಮಾಲೀಕರೂ ಇದ್ದಾರೆ. ರಕ್ಷಣಾ ಸಾಧನಗಳಿಲ್ಲದೆ ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ಆದರೂ ವಿಷಾನಿಲದಿಂದ ಸಾಯುವವರ ಸುದ್ದಿ ನಿಂತಿಲ್ಲ. ಲೈಸೆನ್ಸ್ ನಿಯಮದಲ್ಲೇ ‘ಇಂಥ ಕೆಲಸವನ್ನು ನಿರಾಕರಿಸುವುದು ಪ್ಲಂಬರ್‌ನ ಹಕ್ಕು’ ಎಂದು ಬರೆಯಿಸಿ, ಅಣ್ಣಾ.

ಪ್ರಶ್ನೆ ಕೇಳಿದವರಿಂದ

ಅಕ್ಕಾ, ನಿಮ್ಮ ಅಂಶವನ್ನು ಖಂಡಿತ ಸೇರಿಸುತ್ತೇವೆ. ದಾವಣಗೆರೆಯ ಸರ್, ಒಂದು ಸಂದೇಹ: ನಲ್ಲಿ ಬದಲಿಸುವುದು, ವಾಷರ್ ಹಾಕುವುದು ಮುಂತಾದ ಸಣ್ಣ ರಿಪೇರಿಗೂ ಪರ್ಮಿಟ್ ಬೇಕೆಂದು ಕೇಳಬೇಕೇ?

ಉತ್ತರ 5: ಪ್ಲಂಬಿಂಗ್ ಗುತ್ತಿಗೆದಾರ, ದಾವಣಗೆರೆ

ಬೇಡ. ಗೋಡೆ ಅಥವಾ ನೆಲದೊಳಗೆ ಮುಚ್ಚಿಹೋಗುವ ಪೈಪು, ಸಂಪು ಮತ್ತು ಟ್ಯಾಂಕಿನ ಸಂಪರ್ಕ, ಚೇಂಬರು, ಗುಂಡಿ, ಗೀಸರ್ ಲೈನ್, ಸಂಸ್ಕರಿಸಿದ ನೀರಿನ ಲೈನ್, ಇವಿಷ್ಟಕ್ಕೆ ಮಾತ್ರ ಪರ್ಮಿಟ್ ಕಡ್ಡಾಯವಿರಲಿ. ಕಣ್ಣಿಗೆ ಕಾಣುವ ನಲ್ಲಿ, ಶವರ್, ಫ್ಲಶ್ ಟ್ಯಾಂಕಿನ ರಿಪೇರಿಯನ್ನು ಹೊರಗಿಡಿ. ಹೊಸದಾಗಿ ಕೆಲಸ ಕಲಿಯುವ ಹುಡುಗರು ನಾಲ್ಕು ಕಾಸು ನೋಡುವುದು ಅದರಲ್ಲೇ. ಮನವಿಯ ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕಿ, ನಮ್ಮ ಊರಿನ ಕೆಲಸಗಾರರಿಗೆ ಓದಿ ಹೇಳಿ ಅವರ ಸಹಿಯನ್ನೂ ಹಾಕಿಸಿ ಕಳುಹಿಸುತ್ತೇನೆ.